ನವೆಯೂ ನಂಜೂ

ರೋಗಗಳಲ್ಲಿಯೂ ಮೇಲು ಕೀಳು ಎಂಬುದುಂಟು. ರಕ್ತದ ಒತ್ತಡ ಹೆಚ್ಚಾಗಿದೆಯೆಂದು ಹೇಳಿಕೊಳ್ಳುವವನ ದನಿಯಲ್ಲಿ ಒಂದು ತೂಕವಿರುತ್ತದೆ. ಇವನು ಯಾವುದೋ ದೊಡ್ಡ ಜವಾಬ್ದಾರಿ ಹೊತ್ತವನಿರಬೇಕೆಂದು ಕೇಳಿದವರು ತಾವಾಗಿಯೇ ಊಹಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವನನ್ನು ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರು ಕೂಡ ವಿಶೇಷವಾಗಿ ವಿಚಾರಿಸಿಕೊಳ್ಳುತ್ತಾರೆ. ಹೃದಯದ ಚಿಕಿತ್ಸೆ ಮಾಡಿಸಿಕೊಂಡು ಬಂದವನ ಮನೆಗಂತೂ ಸೇಬು, ಮೂಸಂಬಿಗಳನ್ನು ಹಿಡಿದುಕೊಂಡು ಬಂಧುಬಾಂಧವರು ಬರುತ್ತಾರೆ. ಆದರೆ ಮೈಯೆಲ್ಲ ನವೆ ಎಂದು ಹೇಳಿಕೊಳ್ಳುವ ಮನುಷ್ಯನಿಗೆ ಹಣ್ಣು ತಂದುಕೊಟ್ಟವರನ್ನು ನಾನು ಇದುವರೆಗೆ ನೋಡಿಲ್ಲ. ಅವನು ಎದ್ದುಹೋದ ಕುರ್ಚಿಯಲ್ಲಿ ಕೂರುವ ಮುಂಚೆ ಒಂದು ಸಲ ಕುರ್ಚಿಯನ್ನೂ ಒಂದು ಸಲ ಅವನ ಕೈಯನ್ನೂ ನೋಡಿದವರನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಇನ್ನೊಂದು ಕಷ್ಟವೆಂದರೆ, ಈ ರೋಗದಲ್ಲಿ ಸುಖವೂ ಸೇರಿಕೊಂಡಿದೆ. ಹಲ್ಲುನೋವಿನವನು ನರಳುತ್ತಾನೆ, ಅವನ ಸಂಕಟ ಎಲ್ಲರ ಕಣ್ಣಿಗೂ ಕಾಣುತ್ತದೆ. ನವೆಯವನು ಕೆರೆದುಕೊಳ್ಳುವಾಗ ಕಣ್ಣು ತಾನಾಗಿ ಅರ್ಧ ಮುಚ್ಚುತ್ತದೆ, ಮುಖದ ಮೇಲೆ ಪರಮ ತೃಪ್ತಿ ಮೂಡುತ್ತದೆ. ಅದನ್ನು ನೋಡಿದ ಮೇಲೆ ಯಾರು ತಾನೆ ಮರುಗಿಯಾರು? ಆ ಸುಖದ ಅವಧಿ ಅರ್ಧ ನಿಮಿಷ, ಅದರ ಬೆನ್ನಿಗೆ ಬರುವ ಉರಿ ಅರ್ಧ ರಾತ್ರಿ ಎಂಬುದು ಅನುಭವಿಸಿದವನಿಗೆ ಮಾತ್ರ ಗೊತ್ತು. ಈ ಮಾತು ಹೇಳುವ ಅಧಿಕಾರ ನನಗೆ ಆರು ವರ್ಷದ ಅನುಭವದಿಂದ ಬಂದಿದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಯಾವ ಸಂಕಟ ಬಂದರೂ ಮೊದಲು ಅದರ ಹೆಸರನ್ನು ವಿಚಾರಿಸುವುದು ನಮ್ಮ ಕಸುಬಿನವರ ಚಾಳಿ. ಈ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ನವೆ ಎಂದರೆ ಒಳಗಿನ ಅನುಭವ, ಕೆರೆತ ಎಂದರೆ ಕೈಯ ಕೆಲಸ. ತೀಟೆ ಎಂಬುದು ಎರಡಕ್ಕೂ ಸಲ್ಲುತ್ತದೆ. ಜೊತೆಗೆ, ತನಗೆ ಸಂಬಂಧವಿಲ್ಲದ ಜಗಳಕ್ಕೆ ಹೋಗುವವನ ಸ್ವಭಾವಕ್ಕೂ ಸಲ್ಲುತ್ತದೆ. ಕಜ್ಜಿ ಬೇರೆ, ಒಣಗಿ ಬಿರಿದು ನೀರು ಸೋರುವ ಇಸಬು ಬೇರೆ, ಬಂದಷ್ಟೇ ಬೇಗ ಮಾಯವಾಗುವ ಪಿತ್ತದ ಗಂಧೆ ಬೇರೆ. ಬಳೆಯಂತೆ ಸುತ್ತಿಕೊಂಡು ಹಬ್ಬುವ ಹುಳುಕಡ್ಡಿಗೆ ಗಜಕರ್ಣ ಎಂಬ ಘನವಾದ ಹೆಸರೂ ಉಂಟು. ಇವೆಲ್ಲವನ್ನೂ ಈಗ ನಾವು ಅಲರ್ಜಿ ಎಂಬ ಒಂದೇ ಮಾತಿನಲ್ಲಿ ತುಂಬಿಬಿಟ್ಟಿದ್ದೇವೆ. ಆ ಮಾತನ್ನು 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬುವರು ಗ್ರೀಕ್ ಧಾತುಗಳಿಂದ ಕಟ್ಟಿದರು. ನಮ್ಮ ಅಜ್ಜಿಯಂದಿರು ಅದಕ್ಕಿಂತ ಮುಂಚಿನಿಂದಲೂ ‘ಬದನೆಕಾಯಿ ನನ್ನ ಮೈಗೆ ಒಗ್ಗೋದಿಲ್ಲ’ ಎನ್ನುತ್ತಿದ್ದರು. ಒಗ್ಗದಿಕೆ ಎಂದರೆ ಸಾಕು, ಅರ್ಥ ಪೂರ್ತಿಯಾಗುತ್ತದೆ.

ನಂಜು, ಸೋಂಕು ಎಂಬ ಮಾತುಗಳು ಇನ್ನೊಂದು ಕುಲದವು. ಗಾಯ ಬಾತುಕೊಂಡು ಕೀವಾದರೆ ‘ನಂಜಾಯಿತು’ ಎನ್ನುತ್ತೇವೆ, ನಂಜೆಂದರೆ ವಿಷ. ಸೋಂಕು ಎಂದರೆ ಮೊದಲು ಬರಿಯ ಸ್ಪರ್ಶ. ಪಂಪನ ಬನವಾಸಿಯ ಪದ್ಯದಲ್ಲಿ ದಕ್ಷಿಣದ ಗಾಳಿ ಮೈಯನ್ನು ಮುಟ್ಟುವುದಕ್ಕೆ ಬಳಕೆಯಾಗಿರುವುದು ಈ ಮಾತೇ. ಅಷ್ಟು ಹಿತವಾಗಿದ್ದ ಮಾತು 2020ರಲ್ಲಿ ಕೊರೋನಾ ಬಂದ ಮೇಲೆ ದಿನಸಿ ಅಂಗಡಿಯ ಬಾಗಿಲಲ್ಲೂ ಭಯ ಹುಟ್ಟಿಸುವಂತಾಯಿತು. ಇರಲಿ. ಒಗ್ಗದಿಕೆ ನಮ್ಮ ಮೈಯ ಸ್ವಂತ ಹಟ, ನಂಜು ಹೊರಗಿನಿಂದ ಬರುವ ಶತ್ರು. ಇವೆರಡಕ್ಕೂ ಸಂಬಂಧವಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಹಾಗಲ್ಲವೆಂದು ಕಳೆದ ವರ್ಷ ನನ್ನ ಎಡಗಾಲು ನನಗೆ ಪಾಠ ಹೇಳಿತು.

ನವೆ ಮೊದಲು ಕಾಣಿಸಿದುದು ನನ್ನ ನಲವತ್ತನೆಯ ವರ್ಷದ ಮಾರ್ಗಶಿರದ ಚಳಿಯಲ್ಲಿ. ಮೊಣಕೈಯ ಒಳಮಡಿಕೆ, ಮೊಣಕಾಲಿನ ಹಿಂಭಾಗ, ಕತ್ತಿನ ಒಂದು ಪಕ್ಕ. ಮನೆಯಲ್ಲಿ ಹಳೆಯ ಪುಸ್ತಕಗಳ ಧೂಳು, ತರಗತಿಯಲ್ಲಿ ಸೀಮೆಸುಣ್ಣದ ಧೂಳು, ನಡುವೆ ಕಾರ್ಡ್ ರೋಡಿನ ಧೂಳು; ಕಾರಣಗಳಿಗೆ ಕೊರತೆಯಿರಲಿಲ್ಲ. ಕಪ್ಪುಹಲಗೆಯ ಕಡೆ ತಿರುಗಿ ಬರೆಯುವ ನೆಪದಲ್ಲಿ ಎಡಗೈಯಿಂದ ಬಲ ಮೊಣಕೈಯನ್ನು ಕೆರೆದುಕೊಳ್ಳುವ ವಿದ್ಯೆ ನನಗೆ ಬೇಗ ಸಿದ್ಧಿಸಿತು. ಆ ವರ್ಷದ ನನ್ನ ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಎಂದಿಗಿಂತ ಹೆಚ್ಚು ಟಿಪ್ಪಣಿ ಸಿಕ್ಕಿದ್ದರೆ ಅದಕ್ಕೆ ಕಾರಣ ನನ್ನ ಶ್ರದ್ಧೆಯಲ್ಲ.

ವೈದ್ಯರ ಬಳಿಗೆ ಹೋಗಲಿಲ್ಲ. ನವೆಗೂ ಯಾರಾದರೂ ವೈದ್ಯರ ಹತ್ತಿರ ಹೋಗುತ್ತಾರೆಯೆ? ಹತ್ತಿರದ ಔಷಧಿ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ನನ್ನ ಕೈಯನ್ನು ಮೊಬೈಲಿನ ಬೆಳಕಿನಲ್ಲಿ ಕ್ಷಣಕಾಲ ನೋಡಿ, “ಇದೊಂದು ಟ್ಯೂಬ್ ತಗೊಂಡ್ಹೋಗಿ ಸಾರ್, ಎಲ್ಲಾ ಥರದ್ದಕ್ಕೂ ಆಗುತ್ತೆ” ಎಂದ. ಆಶ್ಚರ್ಯ! ಎರಡು ದಿನದಲ್ಲಿ ನವೆ ಮಾಯ, ಕೆಂಪು ಮಾಯ. ಹತ್ತು ದಿನ ಬಿಟ್ಟರೆ ಎರಡೂ ಮತ್ತೆ ಹಾಜರು. ಮತ್ತೊಂದು ಟ್ಯೂಬು. ಹೀಗೆ ಐದು ವರ್ಷ ನಡೆಯಿತು. ಕಳೆದ ವರ್ಷ ಮಳೆಗಾಲಕ್ಕೆ ತೊಡೆಯ ಸಂದಿನಿಂದ ಸೊಂಟದವರೆಗೆ ಬಳೆಬಳೆಯಾಗಿ ಗಜಕರ್ಣ ಹಬ್ಬಿತು. ಅದಕ್ಕೂ ಅದೇ ಟ್ಯೂಬನ್ನು ಹಚ್ಚಿದೆ. ಎಲ್ಲ ಥರದ್ದಕ್ಕೂ ಆಗುತ್ತದೆಂದು ಹೇಳಿದ್ದನಲ್ಲ!

ಎಡಗಾಲಿನ ಮೀನಖಂಡದ ಮೇಲೆ ಒಂದು ಕಡೆ ನಿದ್ದೆಗಣ್ಣಿನಲ್ಲಿ ಕೆರೆದು ರಕ್ತ ಬಂದಿತ್ತು. ಒಂದು ಸಂಜೆ ಅದರ ಸುತ್ತ ಅಂಗೈಯಗಲ ಕೆಂಪಾಯಿತು. ಬೆಳಗಾಗುವಷ್ಟರಲ್ಲಿ ಕೆಂಪು ಮೊಣಕಾಲನ್ನು ಮುಟ್ಟಿತ್ತು. ಕಾಲು ಬೋದಿಗೆಯಂತೆ ಬಿಗಿದು ಕೆಂಡದ ಹಾಗೆ ಸುಡುತ್ತಿತ್ತು. ಚಳಿಯೆದ್ದು ಹಲ್ಲು ಕಟಕಟಿಸತೊಡಗಿತು. ನನ್ನಾಕೆ ಹಣೆ ಮುಟ್ಟಿ ನೋಡಿ, “ಏನ್ರೀ ಇದು, ಬರೀ ತುರಿಕೆ ಅಂತಿದ್ರಲ್ಲ!” ಎಂದಳು. ಆಸ್ಪತ್ರೆಯವರು ಅದಕ್ಕೆ ಸೆಲ್ಯುಲೈಟಿಸ್ ಎಂದರು: ಚರ್ಮದ ಆಳದ ಪದರಗಳಿಗೆ ರೋಗಾಣುಗಳು ಇಳಿದು ಆಗುವ ಸೋಂಕು. ಐದು ದಿನ ರಕ್ತನಾಳದ ಮೂಲಕ ಔಷಧ ಕೊಟ್ಟರು. ಇನ್ನೆರಡು ದಿನ ತಡಮಾಡಿದ್ದರೆ ರಕ್ತಕ್ಕೇ ಸೇರಬಹುದಿತ್ತು ಎಂದರು. ಆಗ ಮಾತ್ರ ಒಬ್ಬರು ಮೂಸಂಬಿ ತಂದುಕೊಟ್ಟರು. ನನ್ನ ನವೆ ಕೊನೆಗೂ ಮೇಲುವರ್ಗಕ್ಕೆ ಬಡ್ತಿ ಪಡೆಯಿತು.

ಜ್ವರ ಇಳಿದ ಮೇಲೆ ಚರ್ಮರೋಗದ ವೈದ್ಯೆಯೊಬ್ಬರು ಬಂದರು. ಅವರ ಮೊದಲ ಪ್ರಶ್ನೆ, “ಮನೇಲಿ ಬೇರೆ ಯಾರಿಗಾದರೂ ರಾತ್ರಿ ಹೊತ್ತು ನವೆ ಇದೆಯಾ?” ಎಂದು. ಇಲ್ಲವೆಂದೆ. ಹುಳುವಿನಿಂದ ಬರುವ ಕಜ್ಜಿಯಾಗಿದ್ದರೆ ಅದು ಮನೆಮಂದಿಗೆಲ್ಲ ಹಬ್ಬುತ್ತದಂತೆ. ಅದನ್ನು ಅಲರ್ಜಿಯೆಂದುಕೊಂಡು ಕಾಲ ಕಳೆಯುವವರೂ ಉಂಟಂತೆ. ಎರಡನೆಯ ಪ್ರಶ್ನೆಗೆ ಉತ್ತರವಾಗಿ ನನ್ನಾಕೆ ಚೀಲದಿಂದ ಆ ಟ್ಯೂಬನ್ನು ತೆಗೆದು ಕೊಟ್ಟಳು. ಅವರು ಅದನ್ನು ತಿರುಗಿಸಿ ಓದಿ, “ಮೇಷ್ಟ್ರೇ, ಇದನ್ನ ಎಷ್ಟು ದಿನದಿಂದ ಹಚ್ತಿದೀರಿ?” ಎಂದರು. ಐದು ವರ್ಷ ಎಂದು ಹೇಳುವಾಗ, ಪಾಠ ಒಪ್ಪಿಸಲಾರದ ಹುಡುಗನ ಸ್ಥಿತಿ ಎಂಥದೆಂದು ನನಗೆ ಚೆನ್ನಾಗಿ ತಿಳಿಯಿತು.

ಅವರು ಹೇಳಿದುದನ್ನೂ ಆಮೇಲೆ ನಾನು ಓದಿ ತಿಳಿದುದನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ಚರ್ಮದ ಹೊರಪದರ ಒಂದು ಕಾಂಪೌಂಡ್ ಗೋಡೆಯಂತೆ. ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಣ ಜಿಡ್ಡು ಗಾರೆ. ಇಸಬಿನ ಮೈಯವರಲ್ಲಿ ಗಾರೆ ಉದುರಿರುತ್ತದೆ. ಚರ್ಮವನ್ನು ಬಿಗಿಯಾಗಿ, ತೇವವಾಗಿ ಇಡುವ ಫಿಲಗ್ರಿನ್ ಎಂಬ ಪ್ರೋಟೀನು ಕೆಲವರಿಗೆ ಹುಟ್ಟಿನಿಂದಲೇ ಸಾಲದೆ ಬರುತ್ತದೆಂದೂ, ಅಂಥವರಿಗೆ ಇಸಬು ಹತ್ತುವ ಸಂಭವ ಹೆಚ್ಚೆಂದೂ 2006ರಲ್ಲಿ ಕಂಡುಹಿಡಿದರು. ಗಾರೆ ಉದುರಿದ ಗೋಡೆಯಿಂದ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಪರಾಗ, ಸಾಬೂನು ಒಳಗೆ ಬರುತ್ತವೆ. ಮೈ ರೇಗಿ ನವೆಯೇಳುತ್ತದೆ. ಕೆರೆದರೆ ಇನ್ನಷ್ಟು ಗಾರೆ ಉದುರುತ್ತದೆ.

ಇಷ್ಟು ಮಾತ್ರವಾಗಿದ್ದರೆ ಬಿರುಕಿನಲ್ಲಿ ಕಳ್ಳ ನುಗ್ಗಿದ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಕಾವಲುಗಾರನದೂ ತಪ್ಪಿದೆ. ಆರೋಗ್ಯವಂತ ಚರ್ಮ ರೋಗಾಣುಗಳನ್ನು ಕೊಲ್ಲುವ ಕೆಲವು ವಸ್ತುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇಸಬಿನ ಚರ್ಮದಲ್ಲಿ ಅವು ಕಡಿಮೆಯೆಂದು 2002ರಲ್ಲಿಯೇ ಕಂಡುಬಂದಿತು. ಅಲರ್ಜಿಯ ಕೋಪದಲ್ಲಿ ಹೊರಡುವ ರಾಸಾಯನಿಕ ಸಂದೇಶಗಳೇ ಅವುಗಳ ತಯಾರಿಕೆಯನ್ನು ಅಡಗಿಸುತ್ತವೆ. ಅಂಗಳದ ಗುಬ್ಬಚ್ಚಿಗಳನ್ನು ದೊಣ್ಣೆ ಹಿಡಿದು ಅಟ್ಟುತ್ತಿರುವ ಕಾವಲುಗಾರ ಹಿತ್ತಲ ಬಾಗಿಲಿಗೆ ಬೀಗ ಹಾಕುವುದನ್ನು ಮರೆತಂತೆ. ಒಗ್ಗದಿಕೆ ಎಂದರೆ ರಕ್ಷಣೆ ಅತಿಯಾಗಿರುವುದು ಎಂದು ನಾನು ತಿಳಿದಿದ್ದೆ. ಒಂದು ಕಡೆ ಅತಿಯಾದುದು ಇನ್ನೊಂದು ಕಡೆ ಸಾಲದೆ ಬಂದೀತೆಂದು ತಿಳಿದಿರಲಿಲ್ಲ.

ಒಳನುಗ್ಗುವವರಲ್ಲಿ ಮೊದಲಿಗನ ಹೆಸರು ಸ್ಟಾಫಿಲೊಕಾಕಸ್ ಆರಿಯಸ್. ಹೆಸರು ಕಾವ್ಯಮಯವಾಗಿದೆ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಕಂಡಿತೆಂದು ಅಬರ್ಡೀನಿನ ಶಸ್ತ್ರವೈದ್ಯ ಆಗ್‌ಸ್ಟನ್ 1882ರಲ್ಲಿ ಮೊದಲರ್ಧವನ್ನು ಕೊಟ್ಟರು; ಹೊನ್ನಿನ ಬಣ್ಣದ್ದೆಂದು ಜರ್ಮನಿಯ ರೋಸೆನ್‌ಬಾಕ್ 1884ರಲ್ಲಿ ಉತ್ತರಾರ್ಧವನ್ನು ಸೇರಿಸಿದರು. ಇಸಬಿನ ಗಾಯಗಳನ್ನು ಪರೀಕ್ಷಿಸಿದರೆ ನೂರಕ್ಕೆ ಸುಮಾರು 70 ಮಂದಿಯಲ್ಲಿ ಈ ಹೊನ್ನದ್ರಾಕ್ಷಿ ಸಿಕ್ಕುತ್ತದೆ. ಅದು ಸುಮ್ಮನೆ ಕೂರುವುದೂ ಇಲ್ಲ. ಅದರ ವಿಷ ಚರ್ಮವನ್ನು ಮತ್ತೆ ಕೆರಳಿಸಿ ಇಸಬನ್ನು ಹೆಚ್ಚಿಸುತ್ತದೆ. ನವೆಯಿಂದ ನಂಜು, ನಂಜಿನಿಂದ ನವೆ, ಗಾಣದೆತ್ತಿನ ಸುತ್ತು.

ಈ ಬಾಗಿಲಿನಿಂದ ಬರುವವನು ಇವನೊಬ್ಬನೇ ಅಲ್ಲ. ತುಟಿಯ ಮೇಲೆ ಸಣ್ಣ ಗುಳ್ಳೆ ಎಬ್ಬಿಸಿ ನಾಲ್ಕು ದಿನದಲ್ಲಿ ಹೋಗುವ ಹರ್ಪೀಸ್ ವೈರಸ್ಸು ಇಸಬಿನ ಚರ್ಮ ಸಿಕ್ಕಿದರೆ ಮುಖ, ಕತ್ತು, ಎದೆಗಳ ಮೇಲೆ ಒಂದೇ ಅಳತೆಯ ಗುಳ್ಳೆಗಳಾಗಿ ಹರಡಿ ಕಣ್ಣಿಗೂ ಕೆಲವೊಮ್ಮೆ ಪ್ರಾಣಕ್ಕೂ ಅಪಾಯ ತರಬಲ್ಲುದು. ವಿಯೆನ್ನಾದ ಕಪೋಸಿ ಎಂಬ ವೈದ್ಯರು ಇದನ್ನು 1887ರಲ್ಲಿಯೇ ವರ್ಣಿಸಿದ್ದರು. ಅಮೆರಿಕದ ಆಸ್ಪತ್ರೆಗಳಲ್ಲಿ ಒಳರೋಗಿಗಳಾಗಿದ್ದ ವಯಸ್ಕರ ದಾಖಲೆಗಳನ್ನು ಶೋಧಿಸಿ 2018ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಇಸಬಿನವರಿಗೆ ಚರ್ಮದ ಸೋಂಕುಗಳಷ್ಟೇ ಅಲ್ಲದೆ ಒಳ ಅವಯವಗಳ ಕೆಲವು ಸೋಂಕುಗಳೂ ಹೆಚ್ಚಾಗಿ ಕಂಡುಬಂದುವೆಂದಿದೆ. ಇದನ್ನೋದಿ ಮೊಣಕೈ ತುರಿಸಿದ ಪ್ರತಿಯೊಬ್ಬರೂ ಉಯಿಲು ಬರೆಯಬೇಕಾಗಿಲ್ಲ; ಬಹುಪಾಲು ಮಂದಿಗೆ ಇಂಥದೇನೂ ಆಗುವುದಿಲ್ಲ. ಸಂಬಂಧವೇನೋ ನಿಜ. ಅಲರ್ಜಿಯ ಆ ಸಂದೇಶಗಳನ್ನೇ ತಡೆಯುವ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ಅದನ್ನು ಪಡೆದ ವಯಸ್ಕರಲ್ಲಿ ಚರ್ಮದ ಸೋಂಕುಗಳೂ ಕಡಿಮೆಯಾದುವು. ಕಾವಲುಗಾರನ ಕೋಪ ಇಳಿದರೆ ಬೀಗದ ನೆನಪು ಬರುತ್ತದೆಂದು ಇದರಿಂದ ತಿಳಿಯಬಹುದು. ಬೆಲೆಯೇನೋ ಮೇಷ್ಟರ ಸಂಬಳಕ್ಕೆ ಎಟಕುವಂಥದಲ್ಲ.

ನನ್ನ ಟ್ಯೂಬಿನ ಕಥೆ ಇದಕ್ಕಿಂತ ಸರಳ. ಅದರಲ್ಲಿ ತೀವ್ರವಾದ ಸ್ಟೀರಾಯ್ಡ್ ಇದ್ದಿತು, ಜೊತೆಗೆ ರೋಗಾಣುವಿಗೊಂದು, ಬೂಷ್ಟಿಗೊಂದು ಮದ್ದನ್ನು ಬೆರೆಸಿದ್ದರು. ಸ್ಟೀರಾಯ್ಡ್ ಕೆಟ್ಟದಲ್ಲ, ಇಸಬಿಗೆ ವೈದ್ಯರೂ ಅದನ್ನೇ ಕೊಡುತ್ತಾರೆ. ಯಾವ ಬಲದ್ದು, ಮೈಯ ಯಾವ ಭಾಗಕ್ಕೆ, ಎಷ್ಟು ದಿನ ಎಂಬ ಲೆಕ್ಕವಿಟ್ಟು ಕೊಡುತ್ತಾರೆ. ಲೆಕ್ಕವಿಲ್ಲದೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗುತ್ತದೆ, ಕಾವಲುಗಾರ ಪೂರ್ತಿ ನಿದ್ದೆಹೋಗುತ್ತಾನೆ. ಕೆಂಪು ಮಾಸುವುದರಿಂದ ರೋಗ ಹೋಯಿತೆಂದು ತೋರುತ್ತದೆ. ಗಜಕರ್ಣ ಮಾತ್ರ ಒಳಗೊಳಗೆ ಹಬ್ಬುತ್ತಿರುತ್ತದೆ. ಈ ದೇಶದಲ್ಲಿ ಮೊಂಡು ಗಜಕರ್ಣ ಇಷ್ಟು ಹೆಚ್ಚಿರುವುದಕ್ಕೆ ಈ ಬೆರಕೆ ಮುಲಾಮುಗಳೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತ ಬಂದಿದ್ದಾರೆ. ಕೇಂದ್ರ ಸರ್ಕಾರ 2018ರಲ್ಲಿ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಮಾಡಿತು. ಆಜ್ಞೆ ಹೊರಟ ಮೇಲೂ ನನಗೆ ಟ್ಯೂಬು ಸಿಕ್ಕಿತು. ಅಂಗಡಿಯ ಹುಡುಗನೊಬ್ಬನನ್ನೇ ದೂರಿ ಫಲವಿಲ್ಲ. ಚೀಟಿ ಕೇಳಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಿದ್ದವನು ನಾನೇ.

ಇದೆಲ್ಲವನ್ನೂ ಕೇಳಿಕೊಂಡು ಕೊನೆಗೆ ನಾನು, “ನನಗೊಬ್ಬಳು ಮಗಳಿದ್ದಾಳೆ ಡಾಕ್ಟ್ರೇ. ಅವಳಿಗೆ ಅಂಟುತ್ತಾ?” ಎಂದು ಕೇಳಿದೆ.

“ಗಜಕರ್ಣ ಅಂಟುತ್ತೆ, ಅದು ವಾಸಿಯಾಗೋವರೆಗೆ ಬಟ್ಟೆ ಟವೆಲ್ ಬೇರೆ ಇರಲಿ. ಕೀವಿದ್ದಾಗಲೂ ಅಷ್ಟೆ. ಆದ್ರೆ ಇಸಬು ಅಂಟೋದಿಲ್ಲ ಮೇಷ್ಟ್ರೇ. ಇಸಬಿರೋರನ್ನ ದೂರ ಕೂರಿಸಬೇಕಾಗಿಲ್ಲ.”

ಅವರು ಮುಂದಿನ ಹಾಸಿಗೆಗೆ ಹೋದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ನನಗೆ ನಮ್ಮ ಬಚ್ಚಲಮನೆಯ ಬಾಗಿಲ ಹಿಂದಿನ ಮೊಳೆ ನೆನಪಾಯಿತು.

ರಾಜಾಜಿನಗರ ಈಗ ಮೆಟ್ರೋ ಓಡಾಡುವ, ಸೈಟಿನ ಬೆಲೆ ಕೇಳಿದರೆ ತಲೆ ತಿರುಗುವ ಊರು. 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ ಇದು ಆರಂಭವಾದಾಗ ಕಾರ್ಖಾನೆಗಳೂ ಕಾರ್ಮಿಕರ ಮನೆಗಳೂ ಅಕ್ಕಪಕ್ಕ ಇರಲೆಂಬುದು ಉದ್ದೇಶವಾಗಿತ್ತು. ನಾನು ಹುಡುಗನಾಗಿದ್ದ 1980ರ ದಶಕದಲ್ಲಿ ಬೆಳಗಿನ ಸೈರನ್ನಿಗೆ ಬೀದಿಯ ತುಂಬ ಸೈಕಲ್ಲುಗಳು ಹೊರಡುತ್ತಿದ್ದುವು. ಅವುಗಳಲ್ಲಿ ಒಂದು ಅಪ್ಪನದು. ಅಪ್ಪ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಲೇತಿನ ಮೇಲೆ ಉಕ್ಕನ್ನು ಕೊರೆಯುವಾಗ ಕಾವು ಆರಲೆಂದು ಹಾಲಿನಂಥ ಬಿಳಿಯ ಎಣ್ಣೆನೀರನ್ನು ಸುರಿಯುತ್ತಾರೆ. ದಿನಕ್ಕೆ ಎಂಟು ಗಂಟೆ ಅವರ ಕೈ ಅದರಲ್ಲಿ ನೆನೆಯುತ್ತಿತ್ತು. ಬೆರಳ ಸಂದಿಗಳೆಲ್ಲ ಬಿರಿದು, ಹಕ್ಕಳೆಗಟ್ಟಿ, ಹಕ್ಕಳೆಯ ಕೆಳಗಿನಿಂದ ನೀರೊಸರುತ್ತಿತ್ತು.

ಮಳೆಗಾಲ ಬಂದಿತೆಂದರೆ ಅದು ಕೈಯಿಂದ ಮೇಲಕ್ಕೇರುತ್ತಿತ್ತು. ಮುಂದೋಳು, ಕತ್ತು, ಎದೆಯ ಮೇಲೆ ಅಂಗಿಯ ಗುಂಡಿ ಬಿಚ್ಚಿದಷ್ಟು ಜಾಗ, ಕಣ್ಣಿನ ರೆಪ್ಪೆ. ಕಾರಣ ನಮಗಾರಿಗೂ ತಿಳಿಯದಿದ್ದರೂ ಮನೆಯ ಎದುರಿಗೇ ಇದ್ದಿತು. ಆಗ ಇಲ್ಲಿಂದ ಬಸವೇಶ್ವರನಗರದವರೆಗೆ ಕಟ್ಟದೆ ಬಿಟ್ಟ ಸೈಟುಗಳು ಎಷ್ಟೋ ಇದ್ದುವು. ಒಂದೊಂದರಲ್ಲೂ ಎದೆಯುದ್ದ ಕಾಂಗ್ರೆಸ್ ಗಿಡ. ಪಾರ್ಥೇನಿಯಂ ಎಂಬುದು ಅದರ ಶಾಸ್ತ್ರೀಯ ನಾಮ. ಅಮೆರಿಕ ಖಂಡದ ಈ ಕಳೆ 1950ರ ದಶಕದ ನಡುವೆ ಪುಣೆಯಲ್ಲಿ ಜನರ ಗಮನಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ದೇಶವನ್ನೆಲ್ಲ ಆಕ್ರಮಿಸಿತು. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಗಿಡವನ್ನು ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಬಟ್ಟೆ ಮುಚ್ಚದ ಕಡೆ ಕೂತರೆ ಸಾಕು. ಹೆಚ್ಚಾಗಿ ನಡುವಯಸ್ಸಿನವರನ್ನೇ ಹಿಡಿಯುವ ಈ ರೋಗ ಬೆಂಗಳೂರಿಗೆ ಚಿರಪರಿಚಿತ. ಅದನ್ನು ಅಡಗಿಸಲೆಂದು ಮೆಕ್ಸಿಕೋದಿಂದ ಎಲೆ ತಿನ್ನುವ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿಯೇ ಬಿಟ್ಟರು. ಜೀರುಂಡೆ ತನ್ನ ಕೈಲಾದಷ್ಟು ತಿಂದಿತು. ಮಿಕ್ಕ ಕೆಲಸವನ್ನು ಕಟ್ಟಡದ ಗುತ್ತಿಗೆದಾರರು ಮುಗಿಸಿದರು. ನಾವು ಹುಡುಗರು ಶಾಲೆಯ ಶ್ರಮದಾನದಲ್ಲಿ ಆ ಗಿಡವನ್ನು ಬರಿಗೈಯಲ್ಲಿ ಕಿತ್ತು, ಹೊರೆ ಕಟ್ಟಿ, ಧೂಳು ಹೊದ್ದ ಅಂಗಿಯಲ್ಲಿಯೇ ಮನೆಗೆ ಬರುತ್ತಿದ್ದೆವು. ಆ ಅಂಗಿ ಅಪ್ಪನ ಹಾಸಿಗೆಯ ಮೇಲೆಯೇ ಬೀಳುತ್ತಿತ್ತು.

ಕಾರ್ಮಿಕರ ಇ.ಎಸ್.ಐ. ಆಸ್ಪತ್ರೆ ರಾಜಾಜಿನಗರದಲ್ಲಿಯೇ ಇದ್ದಿತು. ಅಪ್ಪ ಹೋಗುತ್ತಿರಲಿಲ್ಲ. ಕೈ ತೋರಿಸಿದರೆ ರಜೆ ಬರೆಯುತ್ತಾರೆ, ರಜೆ ಬರೆದರೆ ಓವರ್‌ಟೈಮ್ ಹೋಗುತ್ತದೆ ಎಂಬುದು ಅವರ ಲೆಕ್ಕ.

ಮನೆಯಲ್ಲಿ ಅಪ್ಪನಿಗೆ ಒಂದು ಟವೆಲು, ಅದಕ್ಕೊಂದು ಮೊಳೆ, ಒಂದು ತಟ್ಟೆ, ಒಂದು ಲೋಟ. ಇದನ್ನು ಯಾರೂ ಬಾಯಿಬಿಟ್ಟು ವಿಧಿಸಲಿಲ್ಲ. ‘ಮಕ್ಕಳಿರೋ ಮನೆ’ ಎಂದು ನೆಂಟರಲ್ಲೊಬ್ಬರು ಅಂದಿದ್ದಿರಬೇಕು. ಅಮ್ಮ ಕ್ರೂರಿಯಲ್ಲ; ಹೆದರಿದ್ದಳು. ಅಪ್ಪ ತಾವಾಗಿಯೇ ವರಾಂಡದಲ್ಲಿ ಹಾಸಿಗೆ ಹಾಸಿಕೊಳ್ಳತೊಡಗಿದರು. ನನಗಾಗ ಒಂಬತ್ತೋ ಹತ್ತೋ ವಯಸ್ಸು. ನವರಂಗ್ ಚಿತ್ರಮಂದಿರದಿಂದ ಸಂಜೆ ಹಿಂತಿರುಗುವಾಗ ರಸ್ತೆ ದಾಟಲೆಂದು ಅಪ್ಪ ಕೈ ಚಾಚಿದರೆ, ನಾನು ಅವರ ಅಂಗಿಯ ತುದಿಯನ್ನು ಹಿಡಿದುಕೊಳ್ಳುತ್ತಿದ್ದೆ. ಅವರು ಏನೂ ಅನ್ನುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಕೈ ಚಾಚುವುದನ್ನು ಬಿಟ್ಟರು. ಅಂಗಿಯ ತುದಿಯನ್ನು ಇನ್‌ಷರ್ಟ್ ಮಾಡದೆ ಹೊರಗೆ ಬಿಡುತ್ತಿದ್ದರು.

ವರ್ಷಕ್ಕೆ ಎರಡು ಮೂರು ಸಲ ಅವರ ಕೈ ಬಾತು ಕೀವಾಗಿ ಜ್ವರ ಬರುತ್ತಿತ್ತು. ‘ನಂಜಾಗಿದೆ’ ಎನ್ನುತ್ತಿದ್ದೆವು. ಆ ನಂಜು ಅವರ ಮೈಯಿಂದ ನಮಗೆ ಬಂದೀತೆಂದು ಹೆದರಿ ದೂರವಿರುತ್ತಿದ್ದೆವು. ಆಸ್ಪತ್ರೆಯಿಂದ ಬಂದ ಮೇಲೆ ಓದುತ್ತ ಓದುತ್ತ ನನಗೆ ಸಿಕ್ಕಿದ ವಿಷಯ ಇದು: ಹೊನ್ನಿನ ಬಣ್ಣದ ಆ ರೋಗಾಣು ಆರೋಗ್ಯವಂತರಲ್ಲಿಯೂ ನಾಲ್ಕೈದು ಮಂದಿಗೆ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಅಲ್ಲಿಂದ ಕೈಗೆ, ಕೈಯಿಂದ ಇನ್ನೊಬ್ಬರ ಬಿರಿದ ಚರ್ಮಕ್ಕೆ ಅದು ಸುಲಭವಾಗಿ ಹೋಗಬಲ್ಲುದು. ನಮ್ಮ ಮನೆಯಲ್ಲಿ ಐದು ಜನ. ಅಪ್ಪನ ಕೈಯ ನಂಜಿಗೆ ನಾವು ಹೆದರುತ್ತಿದ್ದೆವು. ಅದು ಎಷ್ಟು ಸಲ ನಮ್ಮೊಳಗಿನ ಯಾರ ಮೂಗಿನಿಂದ ಅವರಿಗೆ ಹೋಗಿತ್ತೋ!

ಅಪ್ಪ 2009ರಲ್ಲಿ ತೀರಿಕೊಂಡರು, ಹೃದಯದ ಕಾಯಿಲೆಯಿಂದ. ಆಗ ಮನೆತುಂಬ ಹಣ್ಣು ಬಂದಿತ್ತು.

ಈಗ ನಾನು ವೈದ್ಯೆ ಹೇಳಿದಂತೆ ನಡೆಯುವ ವಿಧೇಯ ವಿದ್ಯಾರ್ಥಿ. ಉಗುರು ಚಿಕ್ಕದಾಗಿ ಕತ್ತರಿಸಿರಬೇಕು. ಹಬೆಯಾಡುವ ನೀರು ಬೇಡ, ಉಗುರುಬೆಚ್ಚಗಿನ ನೀರು. ಹತ್ತು ನಿಮಿಷಕ್ಕೆ ಸ್ನಾನ ಮುಗಿಯಬೇಕು. ಪರಿಮಳದ ಸಾಬೂನು ಯಾವುದೂ ಬೇಡ. ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ ಗಂಧದ ಸಾಬೂನಿನ ಕಾರ್ಖಾನೆಯನ್ನು ನೆರೆಯಲ್ಲಿಟ್ಟುಕೊಂಡು, ಅದರ ಪರಿಮಳದಲ್ಲಿಯೇ ಬೆಳೆದವನಿಗೆ ಇದೊಂದು ಶಿಕ್ಷೆಯೇ ಸರಿ. ಮೈ ಒರಸಿದ ಕೂಡಲೆ, ತೇವ ಆರುವ ಮುಂಚೆ, ಮೈಗೆಲ್ಲ ಜಿಡ್ಡು ಹಚ್ಚಬೇಕು. ಉದುರಿದ ಗಾರೆಗೆ ಬದಲು ಗಾರೆ. ಗಾಯ ಬಿಸಿಯಾಗಿ ಬಾತರೆ, ಜೇನಿನ ಬಣ್ಣದ ಹಕ್ಕಳೆಯೋ ಕೀವೋ ಕಂಡರೆ, ಒಂದೇ ಅಳತೆಯ ನೋಯುವ ಗುಳ್ಳೆಗಳೆದ್ದರೆ, ಜೊತೆಗೆ ಜ್ವರ ಬಂದರೆ, ಅಂಗಡಿಗಲ್ಲ, ವೈದ್ಯರಲ್ಲಿಗೆ, ಅದೂ ಅಂದೇ ಹೋಗಬೇಕು.

ಜಿಡ್ಡು ಯಾವುದೆಂಬ ವಿಷಯದಲ್ಲಿ 74 ವರ್ಷದ ಅಮ್ಮನಿಗೆ ಸಂದೇಹವಿಲ್ಲ. “ಎಷ್ಟು ಸಲ ಹೇಳಿದೀನಿ, ಕೊಬ್ಬರಿ ಎಣ್ಣೆ ಹಚ್ಚೋ” ಎಂದು ಆರು ವರ್ಷದಿಂದ ಹೇಳುತ್ತಿದ್ದಳು, ನಾನು ನಗುತ್ತಿದ್ದೆ. ಇಸಬಿರುವ ವಯಸ್ಕರ ಮೈಗೆ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿದಾಗ ಆ ಹೊನ್ನದ್ರಾಕ್ಷಿ ಕಡಿಮೆಯಾಯಿತೆಂದು ಫಿಲಿಪೀನ್ಸಿನ ವೈದ್ಯರು 2008ರಲ್ಲಿ ಪ್ರಕಟಿಸಿದ್ದಾರೆ. ಪರೀಕ್ಷೆ ಸಣ್ಣದು, ಎಲ್ಲರಿಗೂ ಒಗ್ಗುತ್ತದೆಂದಲ್ಲ. ನಮ್ಮ ವೈದ್ಯೆಯನ್ನು ಕೇಳಿದೆ; ನಿಮಗೆ ಒಗ್ಗಿದರೆ ಧಾರಾಳವಾಗಿ ಹಚ್ಚಿ ಎಂದರು. ಅಮ್ಮನಿಗೆ ಹೇಳಿದಾಗ, ಫಿಲಿಪೀನ್ಸ್ ಎಲ್ಲಿದೆಯೆಂದು ಕೂಡ ಅವಳು ಕೇಳಲಿಲ್ಲ.

ಗಜಕರ್ಣ ವಾಸಿಯಾಗುವವರೆಗೆ ನನ್ನ ಟವೆಲು ಬೇರೆಯಿತ್ತು. ಬಾಗಿಲ ಹಿಂದಿನ ಅದೇ ಮೊಳೆಗೆ ಹಾಕುತ್ತಿದ್ದೆ. ವಾಸಿಯಾಗಿ ಎರಡು ತಿಂಗಳಾದರೂ ಅಭ್ಯಾಸಬಲದಿಂದ ಅಲ್ಲಿಯೇ ಉಳಿದಿತ್ತು. ಮೊನ್ನೆ ಭಾನುವಾರ ಅಮ್ಮ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ನಾನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ತಲೆಯೆತ್ತದೆಯೇ ಕೇಳಿದಳು:

“ಡಾಕ್ಟ್ರು ನಿಜವಾಗ್ಲೂ ಹಂಗಂದ್ರೇನೋ? ಇಸಬು ಅಂಟೋದಿಲ್ಲ ಅಂತ?”

“ಹೌದಮ್ಮ.”

“ಅವರದೂ?”

ನನಗೆ ತಟ್ಟನೆ ಉತ್ತರ ಬರಲಿಲ್ಲ. “ಅವರದೂ ಇಸಬೇ ಅಲ್ವೇನಮ್ಮ” ಎಂದೆ.

ಅವಳು ಮತ್ತೇನೂ ಕೇಳಲಿಲ್ಲ. ಅವರೆಕಾಯಿ ಮುಗಿದ ಮೇಲೂ ಖಾಲಿ ಸಿಪ್ಪೆಗಳನ್ನು ಕೈಯಿಂದ ಒಂದೊಂದಾಗಿ ಸರಿಸುತ್ತ ಸ್ವಲ್ಪ ಹೊತ್ತು ಕುಳಿತಿದ್ದು, ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಾಗಿಲ ಹಿಂದೆ ಕೈಹಾಕಿದರೆ ಟವೆಲು ಸಿಕ್ಕಲಿಲ್ಲ. ಮೊಳೆಯೂ ಇರಲಿಲ್ಲ, ಅದು ಇದ್ದ ಕಡೆ ಗಾರೆ ಉದುರಿ ಒಂದು ಸಣ್ಣ ತೂತಾಗಿತ್ತು. ಕೂಗಿದೆ. “ಹಗ್ಗದ ಮೇಲಿದೆ, ಎಲ್ಲರದರ ಜೊತೆ” ಎಂದು ಅಮ್ಮನ ದನಿ ಅಡುಗೆಮನೆಯಿಂದ ಬಂದಿತು.